ಕ್ಷಾಮದ ಚಂದಾ

ಚಂದಾಪುಸ್ತಕವನ್ನು ಕೈಯಲ್ಲಿ ಹಿಡಿದು ನಾಲ್ಕಾರು ಮಂದಿ ಜಗಲಿಯನ್ನೇರಿದರೆ ಗೃಹಸ್ಥನ ಮನಸ್ಸಿನಲ್ಲಿ ಎರಡು ಯೋಚನೆಗಳು ಏಕಕಾಲದಲ್ಲಿ ಹುಟ್ಟುವುವು. ಕೊಡಬೇಕೆಂಬುದು ಒಂದು, ಕೊಟ್ಟದ್ದು ಎಲ್ಲಿಗೆ ಹೋಗುವುದೋ ಎಂಬುದು ಇನ್ನೊಂದು. ಮೊದಲನೆಯದು ಧರ್ಮಬುದ್ಧಿ, ಎರಡನೆಯದು ಲೋಕಜ್ಞಾನ. ಇವೆರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಸಂಸಾರ ನಡೆಯದು. ಇವೆರಡಲ್ಲದೆ ಮೂರನೆಯ ಮಾತೊಂದನ್ನು ಬಾಗಿಲಿನಲ್ಲಿ ನಿಂತು ಕೇಳುವವರನ್ನೂ ನಾವು ಕಂಡಿದ್ದೇವೆ. “ಇದೆಲ್ಲ ಸರ್ಕಾರದವರು ಮಾಡಬೇಕಾದ ಕೆಲಸವಲ್ಲವೆ? ಕಂದಾಯ ಕೊಡುವುದಿಲ್ಲವೆ ನಾವು?” ಎಂದು ಅವರು ಕೇಳುತ್ತಾರೆ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಪ್ರಶ್ನೆಯನ್ನು ಹಿಂದೊಮ್ಮೆ ಸರ್ಕಾರವೇ ಚಂದಾ ಎತ್ತುವವರನ್ನು ಕುರಿತು ಕೇಳಿತ್ತೆಂಬುದೂ, ಅದೂ ಬಹು ಮುನಿಸಿನಿಂದ ಕೇಳಿತ್ತೆಂಬುದೂ ನಮ್ಮ ವಾಚಕರಲ್ಲಿ ಕೆಲವರಿಗೆ ಹೊಸ ಸಂಗತಿಯಾದೀತು. ಆ ಕಥೆ ನಮ್ಮ ಸೀಮೆಗೆ ದೂರದ್ದಲ್ಲ.

ಧಾತು ಸಂವತ್ಸರ, ಅದರ ಹಿಂದೆಯೇ ಈಶ್ವರ ಸಂವತ್ಸರ; ಇಂಗ್ಲಿಷ್ ಲೆಕ್ಕದಲ್ಲಿ ೧೮೭೬ ಮತ್ತು ೧೮೭೭. ಈ ಎರಡು ಹೆಸರುಗಳನ್ನು ಹಳೆಯ ಮೈಸೂರಿನ ಮುದುಕರು ಬೇರೆಬೇರೆಯಾಗಿ ಉಚ್ಚರಿಸಿದ್ದನ್ನು ನಾವು ಕೇಳಿಲ್ಲ; ‘ಧಾತು ಈಶ್ವರ’ ಎಂದರೆ ಒಂದೇ ಮಾತು, ಒಂದೇ ಬರ. ನಮ್ಮ ಮನೆಯಲ್ಲಿ ಎಲೆಯ ಮೇಲೆ ಅನ್ನ ಬಿಟ್ಟು ಎದ್ದ ಮಕ್ಕಳಿಗೆ ಅಜ್ಜಿಯವರು, “ಧಾತು ಈಶ್ವರದಲ್ಲಿ ಹುಟ್ಟಬೇಕಾಗಿತ್ತು ನೀವು” ಎನ್ನುತ್ತಿದ್ದರು. ಅವರೇನೂ ಆ ಬರವನ್ನು ಕಂಡವರಲ್ಲ. ಅವರ ಅಜ್ಜಿ ಕಂಡವರು. ಕೇಳಿ ಬಂದ ಕಥೆ ಹೀಗಿತ್ತು: ಮೊದಲ ವರ್ಷ ಹಗೇವನ್ನು ತೆರೆದು ಹಳೆಯ ರಾಗಿಯನ್ನು ತೆಗೆದು ಉಂಡರು, ಹಗೇವು ಬರಿದಾದಮೇಲೆ ಎತ್ತುಗಳನ್ನು ಕೇಳಿದ ಬೆಲೆಗೆ ಮಾರಿದರು, ಮಾರಲಾಗದವು ಕಟ್ಟಿದಲ್ಲಿಯೇ ಸತ್ತವು, ಕಡೆಗೆ ಮಡಕೆಯಲ್ಲಿ ಬೇವಿನ ಸೊಪ್ಪಿನೊಡನೆ ಮುಚ್ಚಿಟ್ಟಿದ್ದ ಬಿತ್ತನೆಯ ರಾಗಿಯನ್ನೇ ಬೀಸಿದರು. ಬಿತ್ತನೆಯ ಕಾಳನ್ನು ಬೀಸಿದ ಆ ದಿನ ಮನೆಯಲ್ಲಿ ಯಾರೂ ಯಾರೊಡನೆಯೂ ಮಾತನಾಡಲಿಲ್ಲವಂತೆ. ಸತ್ತವರ ಸಂಖ್ಯೆಯನ್ನು ಅಜ್ಜಿ ಎಂದೂ ಹೇಳಿದವರಲ್ಲ. ಈ ಮೌನವನ್ನು ಮಾತ್ರ ತಪ್ಪದೆ ಹೇಳುತ್ತಿದ್ದರು.

ಸಂಖ್ಯೆಯನ್ನು ಖಾನೇಷುಮಾರಿಯ ಪುಸ್ತಕಗಳು ಹೇಳುತ್ತವೆ. ೧೮೭೧ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦ ಲಕ್ಷದ ೫೫ ಸಾವಿರ. ೧೮೮೧ರಲ್ಲಿ ೪೧ ಲಕ್ಷದ ೮೬ ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನ ಹೀಗೆ ಕರಗಿದರು. ಮದ್ರಾಸ್ ಅಧಿಪತ್ಯ, ಮುಂಬಯಿಯ ದಕ್ಷಿಣ ಜಿಲ್ಲೆಗಳು, ಹೈದರಾಬಾದು ಎಲ್ಲವನ್ನೂ ಸೇರಿಸಿದರೆ ಸತ್ತವರು ಐವತ್ತು ಲಕ್ಷಕ್ಕೂ ಮೀರಿದರೆಂದು ಚರಿತ್ರಕಾರರ ಅಂದಾಜು. ಬಳ್ಳಾರಿ, ಧಾರವಾಡ, ಕಲಾದಗಿ, ಕೋಲಾರ, ತುಮಕೂರು ಇವೆಲ್ಲ ಆ ಉರಿಯ ಒಳಗೇ ಇದ್ದ ನಾಡುಗಳು. ಆಗ ಮೈಸೂರಿನಲ್ಲಿ ಅರಸರ ಆಳ್ವಿಕೆಯಿರಲಿಲ್ಲ. ಚಾಮರಾಜೇಂದ್ರ ಒಡೆಯರು ಬಾಲಕರು; ೧೮೩೧ರಿಂದ ರಾಜ್ಯವನ್ನು ಆಳುತ್ತಿದ್ದವರು ಇಂಗ್ಲಿಷ್ ಕಮಿಷನರರು.

೧೮೭೬ರ ಮುಂಗಾರೂ ಹಿಂಗಾರೂ ಕೈಕೊಟ್ಟವು. ಅದೇ ಚಳಿಗಾಲದಲ್ಲಿ ದಿಲ್ಲಿಯಲ್ಲಿ ದೊಡ್ಡ ದರ್ಬಾರು. ೧೮೭೭ರ ಜನವರಿ ೧ನೆಯ ತಾರೀಖು ವಿಕ್ಟೋರಿಯಾ ರಾಣಿಯವರನ್ನು ಹಿಂದೂಸ್ಥಾನದ ಚಕ್ರವರ್ತಿನಿಯೆಂದು ಸಾರಿದರು. ಸಾರಿಸಿದವರು ರಾಜಪ್ರತಿನಿಧಿಗಳಾದ ಲಾರ್ಡ್ ಲಿಟ್ಟನ್. ಈ ಮಹಾಶಯರು ಬೇರೊಂದು ಹೆಸರಿನಲ್ಲಿ ಕವಿತೆಗಳನ್ನು ಬರೆದು ಪ್ರಕಟಿಸಿದ ಕವಿಗಳೂ ಆಗಿದ್ದರು. ದರ್ಬಾರು ಮುಗಿದೊಡನೆ ಸರ್ ರಿಚರ್ಡ್ ಟೆಂಪಲ್ ಎಂಬವರನ್ನು ಕ್ಷಾಮದ ವಿಚಾರಣೆಗೆಂದು ದಕ್ಷಿಣಕ್ಕೆ ಕಳುಹಿಸಿದರು. ಟೆಂಪಲ್ಲರು ೧೮೭೪ರಲ್ಲಿ ಬಂಗಾಳ ಬಿಹಾರಗಳ ಬರದಲ್ಲಿ ಬರ್ಮಾದ ಅಕ್ಕಿಯನ್ನು ತರಿಸಿ ಹಂಚಿ ಬಹು ಜನರ ಪ್ರಾಣವನ್ನು ಉಳಿಸಿದ್ದವರು. ಅದಕ್ಕಾಗಿ ‘ಹಣವನ್ನು ನೀರಿನಂತೆ ಚೆಲ್ಲಿದ’ ಎಂಬ ಬಯ್ಗುಳನ್ನು ತಿಂದಿದ್ದವರು. ಬಯ್ಗುಳು ಮನುಷ್ಯನಿಗೆ ಏನು ಪಾಠ ಕಲಿಸುವುದೋ ಹೇಳಲಾಗದು. ದಕ್ಷಿಣದಲ್ಲಿ ಅವರು ಕಲ್ಲು ಒಡೆಯುವ, ಮಣ್ಣು ಹೊರುವ ಕ್ಷಾಮಪೀಡಿತರ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಗೂ ಮೇಲೆ ಚಿಲ್ಲರೆ ಕಾಸಿಗೂ ಇಳಿಸಿದರು. ಒಂದು ಪೌಂಡೆಂದರೆ ಇಂದಿನ ಅರ್ಧ ಕಿಲೋವಿಗೂ ಕಡಮೆ. ಇಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಮದ್ರಾಸಿನ ಆರೋಗ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಕಾರ್ನಿಷ್ ಬರೆದು ಬರೆದು ಹೋರಾಡಿದರು. ೧೮೭೭ರ ಮೇ ತಿಂಗಳಲ್ಲಿ ಮದ್ರಾಸಿನ ಸರ್ಕಾರ ಕೂಲಿಯನ್ನು ಸ್ವಲ್ಪ ಏರಿಸಿತು. ಅಷ್ಟು ಹೊತ್ತಿಗೆ ಆಗಬಾರದ್ದು ಬಹಳ ಆಗಿಹೋಗಿತ್ತು. ಮದ್ರಾಸಿನ ಕಡಲತೀರದಲ್ಲಿ ಹಡಗಿನಿಂದ ಇಳಿಸಿದ ಧಾನ್ಯದ ಮೂಟೆಗಳು ರಾಶಿರಾಶಿಯಾಗಿ ಬಿದ್ದಿದ್ದವು. ರೈಲುಬಂಡಿ ಅದನ್ನು ಒಳನಾಡಿಗೆ ಎಳೆಯಲಾರದೆ ಹೋಗಿತ್ತು. ಒಳನಾಡಿಗೆ ಬಂದರೂ ಕೊಳ್ಳುವವನ ಕೈಯಲ್ಲಿ ಕಾಸಿರಲಿಲ್ಲ. ವ್ಯಾಪಾರಕ್ಕೆ ಕೈ ಹಾಕಬಾರದೆಂಬುದು ಸರ್ಕಾರದ ವ್ರತವಾಗಿತ್ತು.

ಈಶ್ವರದ ಮುಂಗಾರು ಕೂಡ ಹುಸಿಯಾದಾಗ ಮದ್ರಾಸಿನ ಗವರ್ನರು ಇನ್ನು ತಡೆಯಲಾರದಾದರು. ಇವರು ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್. ಇವರ ವಿಚಾರವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಸಂಸಾರಸ್ಥರಾದ ನಮ್ಮ ವಾಚಕರು ಅದನ್ನು ಮೆಚ್ಚಿಯಾರು. ಇವರ ತಂದೆ ದೊಡ್ಡ ಮನೆತನದ ಆಸ್ತಿಯನ್ನೆಲ್ಲ ಸಾಲದಲ್ಲಿ ಮುಳುಗಿಸಿ, ೧೮೪೮ರಲ್ಲಿ ಅರಮನೆಯ ಪಾತ್ರೆ ಪರಟಿ ಚಿತ್ರಪಟಗಳೆಲ್ಲ ಹರಾಜಾಗುವಂತೆ ಮಾಡಿದ್ದರು. ಮಗನು ರೈಲ್ವೆ ಕಂಪನಿಯೊಂದರ ಅಧ್ಯಕ್ಷನಾಗಿ ದುಡಿದು, ಮಿತವ್ಯಯದಿಂದ ಮನೆಯ ಮಾನವನ್ನು ಮತ್ತೆ ಎತ್ತಿಹಿಡಿದವನು. ಲೆಕ್ಕಪತ್ರವೆಂದರೇನೆಂದು ಮೈಮೇಲೆ ಬಂದು ಕಲಿತವನು. ಇಂಥವನು, ಸರ್ಕಾರದ ಬೊಕ್ಕಸದಿಂದ ಆಗಬೇಕಾದುದೆಲ್ಲ ಆಗುತ್ತಿಲ್ಲವೆಂಬುದನ್ನು ಕಂಡು, ೧೮೭೭ರ ಆಗಸ್ಟ್ ೪ನೆಯ ತಾರೀಖು ಮದ್ರಾಸಿನಲ್ಲಿ ಸಾರ್ವಜನಿಕ ಸಭೆಯನ್ನು ಕೂಡಿಸಿ, ಒಂದು ಸಮಿತಿಯನ್ನು ಏರ್ಪಡಿಸಿ, ಲಂಡನ್ ನಗರದ ಲಾರ್ಡ್ ಮೇಯರರಿಗೆ ನೆರವು ಬೇಡಿ ತಂತಿ ಕಳುಹಿಸಿದನು. ‘ಮದ್ರಾಸ್ ಟೈಮ್ಸ್’ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ, ಆಗಿನ್ನೂ ಇಪ್ಪತ್ತೆಂಟರ ಹರೆಯದವನು, ಆ ಸಮಿತಿಯ ಗೌರವ ಕಾರ್ಯದರ್ಶಿಯಾದನು. ಲಂಡನ್ನಿನಲ್ಲಿ ಲಾರ್ಡ್ ಮೇಯರರ ನಿವಾಸಕ್ಕೆ ಮ್ಯಾನ್ಷನ್ ಹೌಸ್ ಎಂದು ಹೆಸರು. ಅಲ್ಲಿ ತೆರೆದ ನಿಧಿಯಾದುದರಿಂದ ಇದು ಮ್ಯಾನ್ಷನ್ ಹೌಸ್ ನಿಧಿಯೆಂದೇ ಪ್ರಸಿದ್ಧವಾಯಿತು.

ಸಿಮ್ಲೆಯಲ್ಲಿದ್ದ ರಾಜಪ್ರತಿನಿಧಿಗಳಿಗೆ ಈ ಸುದ್ದಿ ತಿಳಿದಾಗ ಅವರಿಗೆ ಆದದ್ದು ಸಂತೋಷವಲ್ಲ. ತಮ್ಮನ್ನು ಒಂದು ಮಾತು ಕೇಳದೆ ತಮ್ಮ ಕೈಕೆಳಗಿನ ಗವರ್ನರನು ಲೋಕಕ್ಕೆಲ್ಲ ಕೈಚಾಚಿದನೆಂಬ ಅಸಮಾಧಾನ ಒಂದು. ಅದು ಸಹಜವೇ, ಕೂಡುಕುಟುಂಬದಲ್ಲಿ ಕಿರಿಯ ಸೊಸೆ ನೆರೆಮನೆಯಿಂದ ಅಕ್ಕಿ ಕಡ ತಂದರೆ ಯಜಮಾನನ ಮುಖ ಹೇಗಾಗುವುದೆಂದು ನಾವೆಲ್ಲ ಬಲ್ಲೆವು. ಯಜಮಾನನಿಗೆ ನೋವಾಗುವುದು ಅಕ್ಕಿಯ ವಿಷಯದಲ್ಲಲ್ಲ. ಮನೆಯಲ್ಲಿ ಅಕ್ಕಿಯಿಲ್ಲವೆಂಬುದು ಬೀದಿಗೆ ತಿಳಿಯಿತಲ್ಲಾ ಎಂಬುದರಲ್ಲಿ. ಲಿಟ್ಟನ್ನರ ಮುನಿಸಿನ ಒಳತಿರುಳೂ ಇದೇ ಎಂಬುದು ನಮ್ಮ ಅಭಿಪ್ರಾಯ. ಪ್ರಜೆಗಳ ಪ್ರಾಣವನ್ನು ಉಳಿಸುವ ಹೊಣೆ ನಮ್ಮದು, ಅದನ್ನು ನಾವು ಮಾಡುತ್ತಿದ್ದೇವೆ ಎಂದು ಅವರ ಸರ್ಕಾರ ಹೇಳಿಕೊಂಡು ಬಂದಿತ್ತು. ಆ ಮಾತು ನಿಜವಾಗಿದ್ದ ಪಕ್ಷಕ್ಕೆ ಚಂದಾ ಏತಕ್ಕೆ? ಚಂದಾ ಬೇಕಾದ ಪಕ್ಷಕ್ಕೆ ಆ ಮಾತು ನಿಜವಲ್ಲ. ಲಂಡನ್ನಿನಲ್ಲಿ ಒಬ್ಬ ಮುದುಕಿ ಒಂದು ಷಿಲ್ಲಿಂಗನ್ನು ಡಬ್ಬಿಯಲ್ಲಿ ಹಾಕಿದರೆ ಅದು ದಾನ ಮಾತ್ರವಲ್ಲ, ಒಂದು ಸಾಕ್ಷಿಯೂ ಆಗುತ್ತಿತ್ತು. ದಾನವನ್ನು ಯಾವ ಸರ್ಕಾರವೂ ಬೇಡವೆನ್ನಲಾರದು. ಸಾಕ್ಷಿಯನ್ನು ಕಂಡರೆ ಯಾವ ಸರ್ಕಾರಕ್ಕೂ ಆಗದು.

ಆದರೂ ಲಿಟ್ಟನ್ನರ ವಾದದಲ್ಲಿ ತಿರಸ್ಕರಿಸಲಾಗದ ಒಂದಂಶವಿತ್ತೆಂದು ನ್ಯಾಯಕ್ಕಾಗಿ ಹೇಳಬೇಕು. ಸರ್ಕಾರ ಕೊಡುವ ಗಂಜಿಯನ್ನೇ ಸಮಿತಿಯೂ ಕೊಡುವುದಾದರೆ ಸಮಿತಿಯ ಹಣದಿಂದ ಹಸಿದವನಿಗೆ ಲಾಭವಾಗದೆ ಬೊಕ್ಕಸಕ್ಕೆ ಲಾಭವಾದೀತು. ಜನರು ಒಂದು ಲಕ್ಷ ಕೊಟ್ಟರೆ ಸರ್ಕಾರ ಒಂದು ಲಕ್ಷ ಉಳಿಸಿಕೊಂಡೀತು. ಹೀಗಾಗದಂತೆ ಗೆರೆ ಎಳೆಯುವುದು ಹೇಗೆ? ಆಗಸ್ಟ್ ಕೊನೆಯಲ್ಲಿ ರಾಜಪ್ರತಿನಿಧಿಗಳು ಬಳ್ಳಾರಿಯ ಮಾರ್ಗವಾಗಿ ತಾವೇ ಮದ್ರಾಸಿಗೆ ಬಂದರು. ಅಲ್ಲಿಂದ ಮೈಸೂರಿಗೂ ಹೋದರು. ಗವರ್ನರಿಗೂ ಅವರಿಗೂ ಸಮಾಧಾನವಾಯಿತು. ಅಷ್ಟರಲ್ಲಿ ಲಂಡನ್ನಿನಲ್ಲಿ ಹಣ ಬರಲು ಪ್ರಾರಂಭವಾಗಿದ್ದುದರಿಂದ ಸಮಾಧಾನವಾಗದೆ ಗತಿಯಿರಲಿಲ್ಲವೆಂದೂ ಹೇಳಬಹುದು. ಕಡೆಗೆ ನಿಂತ ಏರ್ಪಾಡಿನ ಸಾರವಿಷ್ಟು: ಜೀವವನ್ನು ಹಿಡಿದಿಡುವುದು ಸರ್ಕಾರದ ಪಾಲು, ಸರ್ಕಾರದ ಕೈ ಎಲ್ಲಿಗೆ ನಿಲುಕದೋ ಅಲ್ಲಿಗೆ ಸಮಿತಿ ಹೋಗತಕ್ಕದ್ದು.

ಸರ್ಕಾರದ ಕೈ ನಿಲುಕದ ಜಾಗಗಳು ಕಡಮೆಯಿರಲಿಲ್ಲ. ಗಂಜಿಯ ಕೇಂದ್ರಕ್ಕೆ ಹೋಗಿ ಬೇರೆಯವರ ಪಂಕ್ತಿಯಲ್ಲಿ ಕೂರಲಾರದ, ಮಣ್ಣು ಹೊರುವ ಅಭ್ಯಾಸವಿಲ್ಲದ, ಬಾಗಿಲು ಹಾಕಿಕೊಂಡು ಒಳಗೇ ಸಾಯಲು ಸಿದ್ಧರಾದ ಮರ್ಯಾದಸ್ಥರು ಊರೂರಿನಲ್ಲಿದ್ದರು. ಗೋಷಾದ ಹೆಂಗಸರಿದ್ದರು. ಕ್ಷಾಮದಲ್ಲಿ ಸೀರೆ ಪಂಚೆಗಳನ್ನು ಕೊಳ್ಳುವವರಿಲ್ಲದೆ ಮಗ್ಗ ನಿಲ್ಲಿಸಿದ ನೇಯ್ಗೆಯವರಿದ್ದರು. ತಂದೆತಾಯಿಗಳನ್ನು ಕಳೆದುಕೊಂಡು ದಾರಿಯಲ್ಲಿ ಸಿಕ್ಕಿದ ಮಕ್ಕಳಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ರೈತರಿದ್ದರು. ಸೆಪ್ಟೆಂಬರಿನಲ್ಲಿ ಮಳೆ ಬಂದಿತು, ಧಾರಾಳವಾಗಿಯೇ ಬಂದಿತು. ಆದರೆ ಎತ್ತು ಸತ್ತಿತ್ತು, ನೇಗಿಲು ಒಲೆಗೆ ಹೋಗಿತ್ತು, ಚಾವಣಿಯ ಹುಲ್ಲನ್ನು ದನಕ್ಕೆ ಹಾಕಿಯಾಗಿತ್ತು, ಬಿತ್ತನೆಯ ಕಾಳು ಹೊಟ್ಟೆಗೆ ಹೋಗಿತ್ತು. ಗಂಜಿಯಿಂದ ಬದುಕಿಕೊಂಡ ರೈತನು ಒದ್ದೆಯಾದ ಹೊಲದ ಬದುವಿನ ಮೇಲೆ ಬರಿಗೈಯಲ್ಲಿ ನಿಂತಿದ್ದನು. ಸಮಿತಿಯ ಹಣದಲ್ಲಿ ಬಹುಪಾಲು ಈ ಬರಿಗೈಗೆ ಹೋಯಿತು. ಬೀಜಕ್ಕೆ ಇಷ್ಟು, ಎತ್ತಿಗೆ ಇಷ್ಟು, ಮನೆಯ ಹೊದಿಕೆಗೆ ಇಷ್ಟು ಎಂದು ರೊಕ್ಕವನ್ನೇ ಕೊಟ್ಟರು. ನಮ್ಮ ಮುತ್ತಜ್ಜಿಯ ಮನೆಗೆ ಏನಾದರೂ ಬಂದಿತೋ ಇಲ್ಲವೋ ಕಥೆಯಲ್ಲಿ ಉಳಿದಿಲ್ಲ. ಮೈಸೂರು ಸೀಮೆಗೂ ಆ ನಿಧಿಯಲ್ಲಿ ಒಂದು ಪಾಲು ಬಂದದ್ದು ಮಾತ್ರ ನಿಜ.

ಇಲ್ಲಿ ನಮ್ಮ ಅನುಭವದ ಒಂದು ಸಂಗತಿಯನ್ನು ಹೇಳುವುದು ಅಪ್ರಸ್ತುತವಾಗಲಾರದು. ಕೆಲವು ವರ್ಷಗಳ ಹಿಂದೆ ಹೊಳೆ ಉಕ್ಕಿ ಊರುಗಳು ಮುಳುಗಿದಾಗ ನಮ್ಮ ಬಡಾವಣೆಯಲ್ಲಿ ಹತ್ತು ಮಂದಿ ಸೇರಿ ಹಣ ಕೂಡಿಸಿದರು. ಅವರಲ್ಲಿ ನಾವೂ ಒಬ್ಬರಾಗಿದ್ದೆವು. ಹಣವನ್ನು ತೆಗೆದುಕೊಂಡು ಹೋದಾಗ ಒಂದು ಕಚೇರಿಯ ಅಧಿಕಾರಿಗಳು ಬಹು ಮರ್ಯಾದೆಯಿಂದ ಕುರ್ಚಿ ಹಾಕಿಸಿ, “ಇದನ್ನು ನಮ್ಮ ಖಾತೆಗೆ ಕಟ್ಟಿಬಿಡಿ, ಹಂಚುವ ತೊಂದರೆ ನಿಮಗೇಕೆ?” ಎಂದರು. ನಮ್ಮ ಗುಂಪಿನ ಖಜಾಂಚಿಗಳು ನಿವೃತ್ತರಾದ ಶಾಲಾ ಮೇಷ್ಟರು. ಅವರು ತಮ್ಮ ಚೀಲದಿಂದ ರಸೀತಿಯ ಪುಸ್ತಕವನ್ನು ತೆಗೆದು, “ಸ್ವಾಮಿ, ಇಲ್ಲಿ ಹೂ ಮಾರುವ ಹೆಂಗಸೊಬ್ಬಳು ಹತ್ತು ರೂಪಾಯಿ ಕೊಟ್ಟು ರಸೀತಿ ಕೇಳಿ ಪಡೆದಿದ್ದಾಳೆ. ನಾಳೆ ಮಾರುಕಟ್ಟೆಯಲ್ಲಿ ಸಿಕ್ಕಿ, ನನ್ನ ಹತ್ತು ರೂಪಾಯಿಗೆ ಏನು ತಂದಿರಿ ಎಂದು ಕೇಳಿದರೆ, ಖಾತೆಗೆ ಕಟ್ಟಿದೆ ಎಂದು ಹೇಳಲು ನನಗೆ ಬಾಯಿ ಬಾರದು” ಎಂದರು. ಅಧಿಕಾರಿಗಳು ನಕ್ಕರು, ಮುನಿಸಿಕೊಳ್ಳಲಿಲ್ಲ. ಆದರೆ ದಾರಿ ತೋರಿಸಲು ಒಬ್ಬ ಗ್ರಾಮಸೇವಕನನ್ನು ಕೊಡುತ್ತೇವೆಂದಿದ್ದವರು ಆಮೇಲೆ ಕೊಡಲಿಲ್ಲ. ಊರುಗಳನ್ನು ನಾವೇ ಹುಡುಕಿಕೊಂಡು ಹೋಗಿ ಪಾತ್ರೆಗಳನ್ನೂ ಮಕ್ಕಳ ಪುಸ್ತಕಗಳನ್ನೂ ಹಂಚಿದೆವು. ಡಿಗ್ಬಿಯ ಕಥೆಯನ್ನು ಓದುವಾಗಲೆಲ್ಲ ನಮಗೆ ಆ ಹೂವಿನವಳ ರಸೀತಿ ನೆನಪಿಗೆ ಬರುತ್ತದೆ.

ಡಿಗ್ಬಿಗೆ ಹಣ ಕೊಟ್ಟವರು ಒಬ್ಬರಲ್ಲ. ಇಂಗ್ಲೆಂಡು, ಸ್ಕಾಟ್ಲೆಂಡು, ಐರ್ಲೆಂಡು, ವಸಾಹತುಗಳು ಎಲ್ಲ ಕಡೆಯಿಂದಲೂ ಸಂಗ್ರಹವಾಗಿ ಒಟ್ಟು ಮೊತ್ತ ಏಳೆಂಟು ಲಕ್ಷ ಪೌಂಡುಗಳಾಯಿತು. ಅಂದಿನ ಪೌಂಡಿಗೆ ಹನ್ನೊಂದು ರೂಪಾಯಿಯ ಮೇಲೆಯೇ ಬೆಲೆಯಿದ್ದುದರಿಂದ ಇದು ಮುಕ್ಕಾಲು ಕೋಟಿ ರೂಪಾಯಿಗೂ ಮೇಲಾಗುತ್ತದೆ. ಹತ್ತಿಯ ಅಭಾವದಿಂದ ಗಿರಣಿ ಮುಚ್ಚಿ ೧೮೬೦ರ ದಶಕದಲ್ಲಿ ತಾವೇ ಹಸಿವನ್ನುಂಡಿದ್ದ ಲಂಕಾಶೈರಿನ ಊರುಗಳವರೂ ಕೊಟ್ಟರು. ನಮ್ಮ ನಾಡಿನ ನೇಯ್ಗೆಯವರ ಬಾಯಿಗೆ ಮಣ್ಣು ಹಾಕಿದ ಬಟ್ಟೆ ಆ ಊರುಗಳದೇ ಎಂಬುದನ್ನು ನಾವು ಮರೆತಿಲ್ಲ. ಆದರೆ ಗಿರಣಿಯ ಕೂಲಿಯವನು ಗಿರಣಿಯ ಯಜಮಾನನಲ್ಲವಷ್ಟೆ. ಈ ಹಣವನ್ನು ಹಂಚಲು ಮದ್ರಾಸಿನ ಮುಖ್ಯ ಸಮಿತಿಯ ಕೆಳಗೆ ಸುಮಾರು ೧೨೦ ಸ್ಥಳೀಯ ಸಮಿತಿಗಳಿದ್ದವು. ಕೊನೆಗೆ, ಮಳೆಬೆಳೆಗಳ ಸ್ಥಿತಿ ಸುಧಾರಿಸುತ್ತಿರುವುದನ್ನು ಕಂಡು, ಇನ್ನು ಹಣ ಬೇಡವೆಂದು ಮದ್ರಾಸಿನಿಂದಲೇ ತಂತಿ ಹೋಯಿತು. ‘ಸಾಕು’ ಎಂದ ಚಂದಾ ಸಮಿತಿಯನ್ನು ನಮ್ಮ ಆಯುಷ್ಯದಲ್ಲಿ ನಾವು ಕಂಡಿಲ್ಲ. ಬೇಗನೆ ಸಾಕೆಂದರೋ ಏನೋ ಎಂಬ ಸಂದೇಹವೂ ಬಾರದಿಲ್ಲ. ಬರ ಬಿಟ್ಟರೂ ಜ್ವರ ಬಿಡದೆ ಮುಂದಿನ ವರ್ಷವೂ ಜನ ಸತ್ತರು. ಡಿಗ್ಬಿಯು ೧೮೭೮ರಲ್ಲಿ ಎರಡು ದೊಡ್ಡ ಸಂಪುಟಗಳಲ್ಲಿ ಈ ಕ್ಷಾಮದ ಚರಿತ್ರೆಯನ್ನು ಬರೆದು ಅಚ್ಚು ಹಾಕಿಸಿದನು. ಸರ್ಕಾರ ಅವನಿಗೆ ಬಿರುದನ್ನೂ ಕೊಟ್ಟಿತು. ಬಿರುದನ್ನು ಪಡೆದೂ ಅವನು ಸುಮ್ಮನಾಗಲಿಲ್ಲ. ಮುಂದೆ ಲಂಡನ್ನಿನಲ್ಲಿ ಕಾಂಗ್ರೆಸ್ಸಿನ ಬ್ರಿಟಿಷ್ ಸಮಿತಿಯ ಕಾರ್ಯದರ್ಶಿಯಾಗಿ, ಹಿಂದೂಸ್ಥಾನದ ಬಡತನದ ಲೆಕ್ಕವನ್ನು ಇಂಗ್ಲಿಷರ ಮುಂದೆ ಇಡುತ್ತಲೇ ಇದ್ದನು.

ಅದೇ ಕಾಲದಲ್ಲಿ ಸರ್ಕಾರವೂ ಒಂದು ಕ್ಷಾಮನಿಧಿಯನ್ನು ಸಂಕಲ್ಪಿಸಿತು. ಮುಂದೆ ಬರ ಬಂದರೆ ಸಾಲ ಮಾಡದಂತೆ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯನ್ನು ತೆಗೆದಿಡಬೇಕೆಂದು ೧೮೭೮ರಲ್ಲಿ ವ್ಯಾಪಾರಿಗಳ ಮೇಲೆ ಲೈಸೆನ್ಸು ತೆರಿಗೆಯನ್ನೂ ಕೆಲವು ಪ್ರಾಂತಗಳಲ್ಲಿ ಭೂಮಿಯ ಮೇಲೆ ಹೊಸ ಪಟ್ಟಿಯನ್ನೂ ಹಾಕಿದರು. ಈ ಹಣ ಕ್ಷಾಮಕ್ಕಲ್ಲದೆ ಬೇರೆ ಯಾವುದಕ್ಕೂ ಅಲ್ಲವೆಂದು ಲಿಟ್ಟನ್ನರೇ ಭಾಷೆಯಿತ್ತರು. ಅದೇ ವರ್ಷ ಅಫಘಾನ ಯುದ್ಧ ಪ್ರಾರಂಭವಾಯಿತು. ವರ್ಷ ಕಳೆಯುವುದರೊಳಗೆ ತೆರಿಗೆ ಉಳಿಯಿತು, ನಿಧಿ ಕರಗಿತು. ಕೇಳಿದವರಿಗೆ, ಅದು ಬೇರೆ ಪೆಟ್ಟಿಗೆಯಲ್ಲಿ ಇಟ್ಟ ನಿಧಿಯೇನೂ ಅಲ್ಲ, ಆಯವ್ಯಯದ ಒಂದು ಬಾಬು ಮಾತ್ರವೆಂದು ಸಮಾಧಾನ ಹೇಳಲಾಯಿತು. ಕಾಂಗ್ರೆಸ್ಸು ಹುಟ್ಟಿದಮೇಲೆ ಇದರ ವಿಷಯವಾಗಿ ಠರಾವುಗಳಾದವು. ಬಾಬಿಗೂ ಪೆಟ್ಟಿಗೆಗೂ ಇರುವ ವ್ಯತ್ಯಾಸವನ್ನು ಹಣಕಾಸಿನ ಪಂಡಿತರು ಬಲ್ಲರು. ಮಗಳ ಮದುವೆಗೆಂದು ಗಂಟು ಕಟ್ಟಿಟ್ಟ ಹಣವನ್ನು ಗಂಡನು ಕೋರ್ಟು ವ್ಯಾಜ್ಯಕ್ಕೆ ತೆಗೆದುಕೊಂಡು ಹೋದುದನ್ನು ಕಂಡ ಗೃಹಿಣಿಯರಿಗೂ ಅದು ತಿಳಿದೇ ಇದೆ.

ಮದ್ರಾಸಿನ ಜಗಳದಿಂದ ಸರ್ಕಾರ ಪಾಠವನ್ನು ಕಲಿಯದೆ ಇರಲಿಲ್ಲ. ೧೮೯೭ರಲ್ಲಿ ಮತ್ತೆ ದೊಡ್ಡ ಕ್ಷಾಮ ಬಂದಾಗ ಚಂದಾ ಎತ್ತಬಾರದೆಂದು ಯಾರೂ ಮುನಿಯಲಿಲ್ಲ. ಚಂದಾ ಹಣವನ್ನು ಯಾವ ಯಾವುದಕ್ಕೆ ವೆಚ್ಚ ಮಾಡಬಹುದೆಂದು ಮೊದಲೇ ನಾಲ್ಕು ಬಾಬುಗಳನ್ನು ಬರೆದಿಟ್ಟರು: ಸರ್ಕಾರದ ಗಂಜಿಯ ಮೇಲೆ ರೋಗಿಗಳಿಗೂ ಮಕ್ಕಳಿಗೂ ಸಣ್ಣಪುಟ್ಟ ಅನುಕೂಲ, ಅನಾಥರ ಪೋಷಣೆ, ಬೇಡಲಾರದ ಮರ್ಯಾದಸ್ಥರಿಗೆ ಗುಟ್ಟಾಗಿ ಸಹಾಯ, ಎಲ್ಲವನ್ನೂ ಕಳೆದುಕೊಂಡವರು ಮತ್ತೆ ಬಾಳನ್ನು ಹೂಡಲು ಬಂಡವಾಳ. ಆ ಬಾರಿ ಒಂದೂವರೆ ಕೋಟಿ ರೂಪಾಯಿಗೂ ಮೀರಿ ಕೂಡಿತು. ಹೆಚ್ಚಿನ ಪಾಲು ನಾಲ್ಕನೆಯ ಬಾಬಿಗೇ ಹೋಯಿತು. ೧೮೭೭ರಲ್ಲಿ ಜಗಳವಾಡಿ ಎಳೆದ ಗೆರೆಯೇ ೧೮೯೭ರಲ್ಲಿ ನಿಯಮವಾಯಿತು. ೧೯೦೦ರಲ್ಲಿ ಜಯಪುರದ ಮಹಾರಾಜರು ೧೫ ಲಕ್ಷ ರೂಪಾಯಿ ಕೊಟ್ಟು ಶಾಶ್ವತವಾದ ಕ್ಷಾಮನಿಧಿಯೊಂದನ್ನು ಸ್ಥಾಪಿಸಿದರು. ಆದರೆ ಈ ಸಮಿತಿಗಳಲ್ಲೆಲ್ಲ ಮೇಲೆ ಕುಳಿತವರು ದೊಡ್ಡ ಅಧಿಕಾರಿಗಳು, ನ್ಯಾಯಾಧೀಶರು, ಜಮೀನ್ದಾರರು. ಸರ್ಕಾರವನ್ನು ಒಪ್ಪದವರೇ ಚಂದಾ ಎತ್ತಿದರೆ ಏನಾಗುವುದೆಂಬುದನ್ನು ಕಾಣಲು ಇನ್ನೂ ಮೂವತ್ತನಾಲ್ಕು ವರ್ಷ ಬೇಕಾಯಿತು.

೧೯೩೪ರ ಜನವರಿ ೧೫, ಸಂಕ್ರಾಂತಿಯ ಮಾರನೆಯ ದಿನ, ಮಧ್ಯಾಹ್ನ ಬಿಹಾರದ ನೆಲ ನಡುಗಿತು. ಮುಂಗೇರ, ಮುಜಫ್ಫರಪುರ, ದರ್ಭಂಗಾ, ಮೋತಿಹಾರಿಗಳು ನೆಲಸಮವಾದವು. ಬಿಹಾರದಲ್ಲಿಯೇ ೭,೦೦೦ಕ್ಕೂ ಮೇಲ್ಪಟ್ಟು ಜನ ಸತ್ತರು. ನೆಲ ಬಿರಿದು ಉಕ್ಕಿದ ಮರಳು ಹೊಲಗಳನ್ನೂ ಬಾವಿಗಳನ್ನೂ ತುಂಬಿತು. ಬಾಬು ರಾಜೇಂದ್ರಪ್ರಸಾದರು ಆಗ ಸರ್ಕಾರದ ಬಂದಿಗಳಾಗಿ ಪಾಟ್ನಾದ ಆಸ್ಪತ್ರೆಯಲ್ಲಿದ್ದರು. ಎರಡು ದಿನಗಳಲ್ಲಿ ಅವರ ಬಿಡುಗಡೆಯಾಯಿತು. ಉಬ್ಬಸದಿಂದ ನರಳುತ್ತಿದ್ದ ಆ ಮನುಷ್ಯ ಬಿಹಾರ ಕೇಂದ್ರ ಪರಿಹಾರ ಸಮಿತಿಯನ್ನು ಕಟ್ಟಿ ದೇಶಕ್ಕೆ ಕೈಚಾಚಿದರು. ಪಕ್ಕದಲ್ಲಿಯೇ ವೈಸರಾಯರ ನಿಧಿ ಬೇರೆ ಇದ್ದಿತು. ನಿನ್ನೆಯ ಕೈದಿಯ ಚೀಲಕ್ಕೆ ಜನರು ೨೫ ಲಕ್ಷ ರೂಪಾಯಿಗೂ ಮೀರಿ ಹಾಕಿದರು. ಕರ್ನಾಟಕದಲ್ಲಿ ಹರಿಜನಯಾತ್ರೆಯನ್ನು ಮುಗಿಸಿಕೊಂಡು ಮಾರ್ಚಿಯಲ್ಲಿ ಗಾಂಧಿಯವರು ಪಾಟ್ನಾಕ್ಕೆ ಹೋದರು. ಆಗಿನ್ನೂ ಕಾನೂನುಭಂಗದ ಚಳವಳ ನಿಂತಿರಲಿಲ್ಲ. ಆದರೂ ಪರಿಹಾರದ ಕೆಲಸದಲ್ಲಿ ಸರ್ಕಾರದೊಡನೆ ಗೌರವಪೂರ್ವಕವಾಗಿ ಸಹಕರಿಸಬೇಕೆಂಬ ಠರಾವನ್ನು ಅವರೇ ಸಮಿತಿಯ ಮುಂದೆ ಇಟ್ಟರು. ಲಾಠಿಯ ಏಟು ಆರದವರು ಅಲ್ಲಿ ಕುಳಿತಿದ್ದರು. ಅವರಿಗೆ ಇದು ಸುಲಭವಾಗಿ ಗಂಟಲಿನಲ್ಲಿ ಇಳಿದಿರಲಾರದು.

ಆ ಸಮಿತಿಯ ಲೆಕ್ಕ ನೋಡಿದವರು ತಂಜಾವೂರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಲೆಕ್ಕಶೋಧನೆಯನ್ನು ಕಲಿತ ಜೆ. ಸಿ. ಕುಮಾರಪ್ಪನವರು. ಸ್ವಯಂಸೇವಕನ ಊಟಕ್ಕೆ ದಿನಕ್ಕೆ ಮೂರಾಣೆಯೆಂದು ಅವರು ಗೊತ್ತುಮಾಡಿದ್ದರು. ಗಾಂಧಿಯವರು ಪರಿವಾರದೊಡನೆ ಬಂದಾಗ, ಆ ಪರಿವಾರದ ಊಟದ ವೆಚ್ಚವೂ ಮೋಟಾರಿನ ಪೆಟ್ರೋಲೂ ಭೂಕಂಪಪೀಡಿತರ ಹಣದಿಂದ ಹೊರಡಲಾರವೆಂದು ಅವರು ನೇರವಾಗಿ ಹೇಳಿಬಿಟ್ಟರು. ವಿಷಯ ಗಾಂಧಿಯವರ ಕಿವಿಗೆ ಹೋಯಿತು. ಅವರು ಕರೆದು ವಿಚಾರಿಸಿ, ಕುಮಾರಪ್ಪನವರು ಹೇಳಿದ್ದೇ ಸರಿಯೆಂದು ತಮ್ಮವರಿಗೆ ತಿಳಿಸಿದರು. ನಮ್ಮ ಮೇಷ್ಟರು ಈ ಕಥೆಯನ್ನು ಕೇಳಿದಾಗ, “ಹೂವಿನವಳಿಗೆ ಉತ್ತರ ಕೊಡಬಲ್ಲವನು ಅವನು” ಎಂದರು.

ಬಿಹಾರದ ಈ ಹೊಂದಾಣಿಕೆಯನ್ನು ಕಂಡವರು ಇನ್ನು ಮುಂದೆ ಇದೇ ಪದ್ಧತಿಯಾದೀತೆಂದು ತಿಳಿದಿದ್ದರೆ ಅವರ ಎಣಿಕೆ ಹದಿನಾರೇ ತಿಂಗಳಲ್ಲಿ ಸುಳ್ಳಾಯಿತು. ೧೯೩೫ರ ಮೇ ೩೧ರ ಬೆಳಗಿನ ಜಾವ ಬಲೂಚಿಸ್ತಾನದ ಕ್ವೆಟ್ಟಾ ನಗರ ಮಲಗಿದ್ದಲ್ಲಿಯೇ ಕುಸಿಯಿತು. ಸತ್ತವರು ೩೦,೦೦೦ಕ್ಕೂ ಹೆಚ್ಚು. ಅದು ಸೈನ್ಯದ ಊರು. ಸೈನ್ಯ ಕೂಡಲೇ ಊರನ್ನು ಸುತ್ತುವರಿದು, ಸಾಂಕ್ರಾಮಿಕದ ಭಯವನ್ನು ಹೇಳಿ ಹೊರಗಿನವರು ಯಾರೂ ಒಳಗೆ ಬಾರದಂತೆ ಮಾಡಿತು. ರಾಜೇಂದ್ರಪ್ರಸಾದರು ಆಗ ಕಾಂಗ್ರೆಸ್ಸಿನ ಅಧ್ಯಕ್ಷರು. ಅವರೂ ಗಾಂಧಿಯವರೂ ಹೋಗಲು ಅಪ್ಪಣೆ ಕೇಳಿದರು. ಸಿಕ್ಕಲಿಲ್ಲ. ಹಿಂದಿನ ವರ್ಷ ಬಾವಿಯ ಮರಳನ್ನು ಎತ್ತಿದ್ದ ಅದೇ ಕೈಗಳು ಈ ಬಾರಿ ಅನುಮಾನಕ್ಕೆ ಗುರಿಯಾದವು. ಕಲ್ಲುಮಣ್ಣಿನ ಕೆಳಗೆ ಇನ್ನೂ ಜೀವವಿದ್ದವರು ಎಷ್ಟು ಮಂದಿಯಿದ್ದರೋ ಎಂಬ ಮಾತು ದೇಶದಲ್ಲೆಲ್ಲ ಬಹುದಿನ ಆಡಿತು. ಚಂದಾ ಮಾತ್ರ ನಿಲ್ಲಲಿಲ್ಲ. ರಾಜೇಂದ್ರಬಾಬುಗಳು ಮತ್ತೊಂದು ಸಮಿತಿಯನ್ನು ಕಟ್ಟಿದರು. ಊರಿನ ಒಳಕ್ಕೆ ಬಿಡದಿದ್ದುದರಿಂದ, ಕ್ವೆಟ್ಟಾದಿಂದ ಪಂಜಾಬು ಸಿಂಧಗಳಿಗೆ ಸಾಗಿಸಿದ ಗಾಯಾಳುಗಳಿಗೂ ಮನೆ ಕಳೆದುಕೊಂಡವರಿಗೂ ಅವರು ಬಂದು ಇಳಿದ ಊರುಗಳಲ್ಲಿಯೇ ಆ ಸಮಿತಿ ಸಹಾಯ ಮಾಡಿತು.